ಮಿಯಾಪುರ ಮೆಟ್ರೊ ನಿಲ್ದಾಣ ಮತ್ತು ಅದರ ಬಸ್ ಸಂಪರ್ಕ

ಹೈದರಾಬಾದ್ ಮೆಟ್ರೊದ ಕೆಂಪು ಮಾರ್ಗ ಮಿಯಾಪುರದಲ್ಲಿ ಆರಂಭವಾಗುತ್ತದೆ. ಇಲ್ಲಿಂದ ಹೊರಟ ರೈಲು ಕೂಕಟ್‌ಪಲ್ಲಿ, ಅಮೀರ್‌ಪೇಟೆ, ಪಂಜಗುಟ್ಟ, ಖೈರತಾಬಾದ್, ನಾಂಪಲ್ಲಿ, ಮಹಾತ್ಮ ಗಾಂಧಿ ಬಸ್ ನಿಲ್ದಾಣ ಮತ್ತು ದಿಲ್‌ಸುಖ್‌ನಗರ ದಾಟಿ, ನಗರದ ಇನ್ನೊಂದು ತುದಿಯ ಎಲ್.ಬಿ. ನಗರದಲ್ಲಿ ನಿಲ್ಲುತ್ತದೆ. ಸುಮಾರು 29 ಕಿ.ಮೀ. ಉದ್ದದ ಈ ದಾರಿಯಲ್ಲಿ 27 ನಿಲ್ದಾಣಗಳಿವೆ. ಮಿಯಾಪುರಕ್ಕೆ ಮಹತ್ವ ಬಂದಿರುವುದು ಅದು ಮೊದಲನೆಯದು ಎಂಬುದರಿಂದಲ್ಲ, ಅದರಾಚೆಗೆ ಹಳಿ ಇಲ್ಲ ಎಂಬುದರಿಂದ. ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದ್ ಕಡೆಗೆ, ಅಲ್ಲಿಂದ ಮುಂದೆ ಹುಮನಾಬಾದ್, ಬಸವಕಲ್ಯಾಣ, ಬೀದರ್, ಕಲಬುರಗಿಗಳಿಗೆ ಹೋಗಬೇಕಾದವರು ಇಲ್ಲಿ ರೈಲು ಇಳಿದು ಬಸ್ಸು ಹತ್ತಬೇಕು. ಆ ಕಡೆಯಿಂದ ಬಂದವರು ಇಲ್ಲಿ ಬಸ್ಸು ಇಳಿದು ರೈಲು ಹತ್ತಬಹುದು. ಕಲ್ಯಾಣ ಕರ್ನಾಟಕದ ಪಾಲಿಗೆ ಇದು ಹೈದರಾಬಾದಿನ ಪಶ್ಚಿಮ ಬಾಗಿಲು.

ಹೆದ್ದಾರಿಯ ಮೇಲೊಂದು ಹಳಿ

ಪುಣೆಯಿಂದ ಮಚಲಿಪಟ್ಟಣದವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಸೊಲ್ಲಾಪುರ ದಾಟಿ ಬೀದರ್ ಜಿಲ್ಲೆಗೆ ಬರುತ್ತದೆ. ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳನ್ನು ಹಾದು, ಜಹೀರಾಬಾದಿನ ಬಳಿ ತೆಲಂಗಾಣ ಸೇರಿ, ಪಟಾನ್‌ಚೆರು ಮೂಲಕ ಹೈದರಾಬಾದ್ ಪ್ರವೇಶಿಸುತ್ತದೆ. ಹಿಂದೆ ಇದಕ್ಕೆ 9ನೇ ಸಂಖ್ಯೆಯಿತ್ತು. ಹೈದರಾಬಾದಿನವರು ಇದನ್ನು ಇಂದಿಗೂ ಮುಂಬೈ ಹೆದ್ದಾರಿ ಎನ್ನುತ್ತಾರೆ. ಕೆಂಪು ಮಾರ್ಗದ ನಕ್ಷೆಯನ್ನು ಈ ರಸ್ತೆಯ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ: ಮೆಟ್ರೊ ಬಹುಮಟ್ಟಿಗೆ ಹಳೆಯ ಹೆದ್ದಾರಿಯ ಊರೊಳಗಿನ ಭಾಗವನ್ನೇ ಹಿಡಿದು ಸಾಗಿದೆ. ಒಂದು ತುದಿ ಸೊಲ್ಲಾಪುರ ರಸ್ತೆಗೆ ತೆರೆಯುತ್ತದೆ, ಇನ್ನೊಂದು ವಿಜಯವಾಡ ರಸ್ತೆಗೆ. ಆದ್ದರಿಂದ ಎರಡೂ ತುದಿಗಳಲ್ಲಿ ಊರೂರಿನ ಬಸ್ಸುಗಳ ಜನ ಸೇರುವುದು ಆಕಸ್ಮಿಕವಲ್ಲ.

ಮಿಯಾಪುರ ರಂಗಾರೆಡ್ಡಿ ಜಿಲ್ಲೆಯ ಶೇರಿಲಿಂಗಂಪಲ್ಲಿ ಮಂಡಲಕ್ಕೆ ಸೇರಿದ ಹಳ್ಳಿಯಾಗಿತ್ತು. 2007ರ ಏಪ್ರಿಲ್‌ನಲ್ಲಿ ಸುತ್ತಲಿನ ಪುರಸಭೆಗಳನ್ನು ಕೂಡಿಸಿ ಬೃಹತ್ ಹೈದರಾಬಾದ್ ಮಹಾನಗರ ಪಾಲಿಕೆ ರಚಿಸಿದಾಗ ಶೇರಿಲಿಂಗಂಪಲ್ಲಿಯೂ ಅದರೊಳಗೆ ಬಂತು. ಅದಕ್ಕಿಂತ ಬಹಳ ಮುಂಚೆಯೇ ಈ ರಸ್ತೆಯಲ್ಲಿ ಕಾರ್ಖಾನೆಗಳು ಎದ್ದಿದ್ದವು. ರಾಮಚಂದ್ರಾಪುರದಲ್ಲಿ ಬಿಎಚ್‌ಇಎಲ್ ಇದೆ. ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಇದೆ. ಇನ್ನೂ ಮುಂದೆ ಕಂದಿಯಲ್ಲಿ ಐಐಟಿ ಇದೆ. ಮಿಯಾಪುರದ ಬಳಿಯ ಆಲ್ವಿನ್ ಕ್ರಾಸ್‌ರೋಡ್ಸ್ ಎಂಬ ಬಸ್ ನಿಲುಗಡೆಯ ಹೆಸರು 1942ರಲ್ಲಿ ಆರಂಭವಾದ ಹೈದರಾಬಾದ್ ಆಲ್ವಿನ್ ಕಂಪನಿಯನ್ನು ನೆನಪಿಸುತ್ತದೆ. ಫ್ರಿಜ್ಜು, ಕೈಗಡಿಯಾರಗಳ ಜೊತೆಗೆ ಬಸ್ಸುಗಳ ಬಾಡಿಯನ್ನೂ ಕಟ್ಟುತ್ತಿದ್ದ ಕಂಪನಿ ಅದು. ಕಂಪನಿ ಕಣ್ಮರೆಯಾದರೂ ಕಂಡಕ್ಟರುಗಳ ಬಾಯಲ್ಲಿ ಹೆಸರು ಉಳಿದಿದೆ.

ಮೆಟ್ರೊ ಬಂದ ಬಗೆ

ದೇಶದ ಬಹುತೇಕ ಮೆಟ್ರೊಗಳನ್ನು ಸರ್ಕಾರಿ ನಿಗಮಗಳು ಕಟ್ಟಿದವು. ಹೈದರಾಬಾದ್ ಬೇರೆ ದಾರಿ ಹಿಡಿಯಿತು. ಖಾಸಗಿ ಕಂಪನಿಯೇ ಬಂಡವಾಳ ಹಾಕಿ, ಕಟ್ಟಿ, ಓಡಿಸಿ, ಟಿಕೆಟ್ಟು ಮತ್ತು ಕಟ್ಟಡಗಳ ಬಾಡಿಗೆಯಿಂದ ಹಣ ವಾಪಸು ಪಡೆಯಬೇಕೆಂಬ ಒಪ್ಪಂದ ಅದು. 2008ರಲ್ಲಿ ಮೇಟಾಸ್ ನೇತೃತ್ವದ ಕೂಟ ಗುತ್ತಿಗೆ ಪಡೆಯಿತು. ಸರ್ಕಾರದಿಂದ ಹಣ ಕೇಳುವ ಬದಲು ತಾನೇ ಸರ್ಕಾರಕ್ಕೆ ಸಾವಿರಾರು ಕೋಟಿ ಕೊಡುವುದಾಗಿ ಅದು ಹೇಳಿತ್ತು. ಜಮೀನಿನ ಲಾಭದ ಮೇಲೆ ಕಣ್ಣಿಟ್ಟು ಮೆಟ್ರೊ ಕಟ್ಟುವ ಈ ಕ್ರಮವನ್ನು ದೆಹಲಿ ಮೆಟ್ರೊದ ಇ. ಶ್ರೀಧರನ್ ಆಗಲೇ ಕಟುವಾಗಿ ಟೀಕಿಸಿದ್ದರು. 2009ರ ಆರಂಭದಲ್ಲಿ ಸತ್ಯಂ ಸಾಫ್ಟ್‌ವೇರ್ ಕಂಪನಿಯ ಹಗರಣ ಹೊರಬಂದು, ಅದನ್ನು ಸ್ಥಾಪಿಸಿದ ಕುಟುಂಬದ್ದೇ ಆದ ಮೇಟಾಸ್ ಕುಸಿದು, ಗುತ್ತಿಗೆ ರದ್ದಾಯಿತು. 2010ರ ಸೆಪ್ಟೆಂಬರ್‌ನಲ್ಲಿ ಎಲ್ ಅಂಡ್ ಟಿ ಜೊತೆ ಹೊಸ ಒಪ್ಪಂದವಾಯಿತು. ಕೇಂದ್ರ ಸರ್ಕಾರ 1,458 ಕೋಟಿ ರೂಪಾಯಿ ನೆರವು ಮಂಜೂರು ಮಾಡಿತು. ನಿರ್ಮಾಣ ಕಾರ್ಯ ಆರಂಭವಾದದ್ದು 2012ರಲ್ಲಿ.

ಮೊದಲ ರೈಲು 2015ರ ಯುಗಾದಿಗೆ ಓಡಬೇಕಿತ್ತು. ರಾಜ್ಯ ವಿಭಜನೆ, ಮಾರ್ಗ ಬದಲಾವಣೆಯ ಚರ್ಚೆ, ಜಮೀನಿನ ತಕರಾರುಗಳಿಂದ ಅದು ಮುಂದಕ್ಕೆ ಹೋಯಿತು. ಕೊನೆಗೆ 2017ರ ನವೆಂಬರ್ 28ರಂದು ಪ್ರಧಾನಿ ನರೇಂದ್ರ ಮೋದಿ ಮಿಯಾಪುರ ನಿಲ್ದಾಣದಲ್ಲಿ ಸೇವೆಯನ್ನು ಉದ್ಘಾಟಿಸಿ, ರಾಜ್ಯಪಾಲ ಇ.ಎಸ್.ಎಲ್. ನರಸಿಂಹನ್ ಮತ್ತು ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಅವರೊಂದಿಗೆ ಕೂಕಟ್‌ಪಲ್ಲಿವರೆಗೆ ರೈಲಿನಲ್ಲಿ ಹೋಗಿ ಬಂದರು. ಜಾಗತಿಕ ಉದ್ಯಮಶೀಲತಾ ಶೃಂಗಸಭೆಯೂ ಅದೇ ದಿನ ನಗರದಲ್ಲಿ ಆರಂಭವಾಯಿತು. ಮರುದಿನ ಜನರಿಗೆ ಬಾಗಿಲು ತೆರೆಯಿತು. ಮಿಯಾಪುರದಿಂದ ಅಮೀರ್‌ಪೇಟೆಯವರೆಗಿನ 13 ಕಿ.ಮೀ., ಅಲ್ಲಿಂದ ನಾಗೋಲ್‌ವರೆಗಿನ 17 ಕಿ.ಮೀ. ಸೇರಿ 30 ಕಿ.ಮೀ. ಮತ್ತು 24 ನಿಲ್ದಾಣಗಳು ಒಮ್ಮೆಗೇ ಆರಂಭವಾದವು. ಅಲ್ಲಿಯವರೆಗೆ ದೇಶದ ಯಾವ ಮೆಟ್ರೊವೂ ಇಷ್ಟು ಉದ್ದದ ಹಾದಿಯನ್ನು ಒಂದೇ ಸಲಕ್ಕೆ ತೆರೆದಿರಲಿಲ್ಲ. ಅಮೀರ್‌ಪೇಟೆಯಿಂದ ಎಲ್.ಬಿ. ನಗರದವರೆಗಿನ 16 ಕಿ.ಮೀ. 2018ರ ಸೆಪ್ಟೆಂಬರ್ 24ರಂದು ಸೇರಿದ ಮೇಲೆ ಕೆಂಪು ಮಾರ್ಗ ಪೂರ್ಣವಾಯಿತು. 2020ರ ಫೆಬ್ರವರಿಯಲ್ಲಿ ಜುಬಿಲಿ ಬಸ್ ನಿಲ್ದಾಣ ಮತ್ತು ಮಹಾತ್ಮ ಗಾಂಧಿ ಬಸ್ ನಿಲ್ದಾಣಗಳ ನಡುವಿನ ಹಸಿರು ಮಾರ್ಗ ಸೇರಿ ಒಟ್ಟು ಉದ್ದ 69 ಕಿ.ಮೀ. ಆಯಿತು. ಮರು ತಿಂಗಳೇ ಕೋವಿಡ್‌ನಿಂದ ನಿಂತ ಸಂಚಾರ ಸೆಪ್ಟೆಂಬರ್ 7ರಂದು ಮತ್ತೆ ಶುರುವಾದಾಗ ಮೊದಲು ಓಡಿದ್ದು ಮಿಯಾಪುರ–ಎಲ್.ಬಿ. ನಗರ ರೈಲುಗಳೇ.

ನಿಲ್ದಾಣ ಮತ್ತು ಡಿಪೊ

ನಿಲ್ದಾಣ ಹೆದ್ದಾರಿಯ ಮೇಲೆ ಕಂಬಗಳ ಆಧಾರದಲ್ಲಿ ನಿಂತಿದೆ. ಕೆಳಗೆ ವಾಹನಗಳು, ನಡುವಿನ ಅಂತಸ್ತಿನಲ್ಲಿ ಟಿಕೆಟ್ ಕೌಂಟರು ಮತ್ತು ತಪಾಸಣೆ, ಮೇಲೆ ಪ್ಲಾಟ್‌ಫಾರಂ. ರಸ್ತೆಯ ಎರಡೂ ಬದಿಯಿಂದ ಮೆಟ್ಟಿಲು, ಎಸ್ಕಲೇಟರು, ಲಿಫ್ಟುಗಳಿವೆ. ಆದ್ದರಿಂದ ಟಿಕೆಟ್ಟಿಲ್ಲದವರಿಗೂ ಇದು ಹೆದ್ದಾರಿ ದಾಟುವ ಸೇತುವೆಯಾಗಿ ಒದಗುತ್ತದೆ. ಹೈದರಾಬಾದ್ ಮೆಟ್ರೊದ ರೈಲುಗಳನ್ನು ದಕ್ಷಿಣ ಕೊರಿಯಾದ ಹ್ಯುಂಡೈ ರೋಟೆಮ್ ಒದಗಿಸಿತು. ಈಗ ಓಡುವುದು ಮೂರು ಬೋಗಿಯ ರೈಲುಗಳು, ಪ್ಲಾಟ್‌ಫಾರಂಗಳು ಮಾತ್ರ ಆರು ಬೋಗಿಗೆ ಸಾಲುವಷ್ಟು ಉದ್ದ. ಬೆಂಗಳೂರಿನ ಮೆಟ್ರೊ ಹಳಿಯ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ವಿದ್ಯುತ್ ಪಡೆದರೆ, ಇಲ್ಲಿ ಮೇಲಿನ ತಂತಿಯಲ್ಲಿ 25 ಸಾವಿರ ವೋಲ್ಟ್ ಹರಿಯುತ್ತದೆ. ರೈಲುಗಳ ಅಂತರವನ್ನು ರೇಡಿಯೊ ಸಂಪರ್ಕದ ಮೂಲಕ ನಿಯಂತ್ರಿಸುವ ವ್ಯವಸ್ಥೆಯನ್ನು ಥೇಲ್ಸ್ ಕಂಪನಿ ಅಳವಡಿಸಿದೆ.

ಮೆಟ್ರೊದ ಎರಡು ಡಿಪೊಗಳಲ್ಲಿ ಒಂದು ಮಿಯಾಪುರದಲ್ಲಿ ಸುಮಾರು ನೂರು ಎಕರೆಯಲ್ಲಿದೆ. ಇನ್ನೊಂದು ಉಪ್ಪಲ್‌ನಲ್ಲಿ. ರಾತ್ರಿ ಸಂಚಾರ ಮುಗಿಸಿದ ರೈಲುಗಳು ಇಲ್ಲಿ ತಂಗುತ್ತವೆ, ತೊಳೆಸಿಕೊಳ್ಳುತ್ತವೆ, ದುರಸ್ತಿಯಾಗುತ್ತವೆ. ಒಪ್ಪಂದದಲ್ಲಿ ಡಿಪೊ ಜಮೀನಿನ ಮೇಲೆ ವಾಣಿಜ್ಯ ಕಟ್ಟಡಗಳನ್ನು ಎಬ್ಬಿಸುವ ಹಕ್ಕನ್ನೂ ಎಲ್ ಅಂಡ್ ಟಿಗೆ ಕೊಡಲಾಗಿತ್ತು. ಇಷ್ಟು ದೊಡ್ಡ ಸಾರ್ವಜನಿಕ ಜಮೀನು ಒಂದೇ ಕಡೆ ಇದ್ದೂ ಬಸ್ಸುಗಳಿಗೆ ಅದರ ಪಕ್ಕದಲ್ಲಿ ಹೇಳಿಕೊಳ್ಳುವಂಥ ಜಾಗ ಸಿಗಲಿಲ್ಲ ಎಂಬುದೇ ಮಿಯಾಪುರದ ಮುಖ್ಯ ಕೊರತೆ.

ಬಸ್ಸುಗಳು

ರೈಲಿಗೂ ಬಸ್ಸಿಗೂ ಇರಬೇಕಾದ ನಂಟು ಹೈದರಾಬಾದಿಗೆ ಹೊಸತಲ್ಲ. ನಿಜಾಮರ ರಾಜ್ಯದಲ್ಲಿ ಬಸ್ಸು ಓಡಿಸಿದ್ದೇ ರೈಲ್ವೆ. ನಿಜಾಮ್ ಸ್ಟೇಟ್ ರೈಲ್ವೆಯು 1932ರ ಜೂನ್‌ನಲ್ಲಿ 27 ಬಸ್ಸು ಮತ್ತು 166 ನೌಕರರೊಂದಿಗೆ ತನ್ನ ರಸ್ತೆ ಸಾರಿಗೆ ವಿಭಾಗವನ್ನು ತೆರೆಯಿತು. ರೈಲು ತಲುಪದ ಊರಿಗೆ ಅದೇ ಸಂಸ್ಥೆಯ ಬಸ್ಸು. ಬೀದರ್, ಕಲಬುರಗಿ, ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. 1951ರಲ್ಲಿ ಆ ವಿಭಾಗ ರೈಲ್ವೆಯಿಂದ ಬೇರೆಯಾಗಿ ರಾಜ್ಯ ಸರ್ಕಾರದ ಕೈಗೆ ಬಂತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕನ್ನಡ ಜಿಲ್ಲೆಗಳ ಬಸ್ಸುಗಳು ಮೈಸೂರು ರಾಜ್ಯದ ಸಾರಿಗೆಗೆ ಸೇರಿದವು. ಉಳಿದವುಗಳಿಂದ 1958ರ ಜನವರಿಯಲ್ಲಿ ಆಂಧ್ರಪ್ರದೇಶ ರಾಜ್ಯ ರಸ್ತೆ ಸಾರಿಗೆ ನಿಗಮ ರೂಪುಗೊಂಡಿತು. ಇಂದಿನ ತೆಲಂಗಾಣ ನಿಗಮ ಅದರಿಂದ ಬಂದದ್ದು. ಕಲಬುರಗಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮವೂ ಅರ್ಧ ದಾಯಾದಿಯೇ. ತೆಲಂಗಾಣದ ಬಸ್ಸುಗಳ ನೋಂದಣಿಯಲ್ಲಿ ಕಾಣುವ ‘ಝಡ್’ ಅಕ್ಷರ ನಿಜಾಮರ ತಾಯಿ ಜೆಹ್ರಾ ಬೇಗಂ ಅವರ ಹೆಸರಿನಿಂದ ಬಂದದ್ದೆಂದು ಹೈದರಾಬಾದಿನವರು ಹೇಳುತ್ತಾರೆ.

ಒಂದೇ ಕಚೇರಿ ರೈಲನ್ನೂ ಬಸ್ಸನ್ನೂ ನೋಡಿಕೊಂಡ ಊರಿನಲ್ಲಿ ಈಗ ಮೆಟ್ರೊ ಒಬ್ಬರದು, ಬಸ್ಸು ಇನ್ನೊಬ್ಬರದು, ದಕ್ಷಿಣ ಮಧ್ಯ ರೈಲ್ವೆಯ ಎಂಎಂಟಿಎಸ್ ಉಪನಗರ ರೈಲು ಮತ್ತೊಬ್ಬರದು. ಮಿಯಾಪುರದಲ್ಲಿ ಈ ಮೂರರ ನಡುವಿನ ಅಂತರ ಕಣ್ಣಿಗೆ ಹೊಡೆಯುವಂತಿದೆ. 2003ರಿಂದ ಓಡುತ್ತಿರುವ ಎಂಎಂಟಿಎಸ್‌ನ ಹಫೀಜ್‌ಪೇಟೆ ನಿಲ್ದಾಣ ಇಲ್ಲಿಗೆ ದೂರವೇನಲ್ಲ, ಆದರೆ ನಡುವೆ ಆಟೊ ಹಿಡಿಯದೆ ವಿಧಿಯಿಲ್ಲ. ರಸ್ತೆ ಸಾರಿಗೆ ನಿಗಮಕ್ಕೆ ಮಿಯಾಪುರದಲ್ಲಿ ಡಿಪೊಗಳಿವೆ. 2019ರ ಮಾರ್ಚ್‌ನಲ್ಲಿ ಹೈದರಾಬಾದ್ ಮೊದಲ ಬಾರಿಗೆ 40 ಎಲೆಕ್ಟ್ರಿಕ್ ಬಸ್ಸುಗಳನ್ನು ಬೀದಿಗಿಳಿಸಿದಾಗ ಅವುಗಳ ನೆಲೆ ಮಿಯಾಪುರ ಮತ್ತು ಕಂಟೋನ್ಮೆಂಟ್ ಡಿಪೊಗಳಾಗಿದ್ದವು. ಶಂಷಾಬಾದ್ ವಿಮಾನ ನಿಲ್ದಾಣದ ಪುಷ್ಪಕ್ ಸೇವೆಗೆ ಅವನ್ನು ಬಳಸಿದರು. ಡಿಪೊ ಎಂದರೆ ಬಸ್ಸು ತಂಗುವ ಜಾಗ, ಪ್ರಯಾಣಿಕ ತಂಗುವ ಜಾಗವಲ್ಲ. ಪ್ರಯಾಣಿಕ ನಿಲ್ಲುವುದು ರಸ್ತೆ ಬದಿಯಲ್ಲಿ. ನಗರ ಬಸ್ಸುಗಳಿಗೆ ಮೆಟ್ರೊ ಬಳಿಯ ನಿಲುಗಡೆ, ಬಚುಪಲ್ಲಿ ಕಡೆಗೆ ತಿರುಗುವವರಿಗೆ ಮಿಯಾಪುರ ಕ್ರಾಸ್‌ರೋಡ್ಸ್, ದೂರದೂರಿನ ಖಾಸಗಿ ಬಸ್ಸುಗಳಿಗೆ ಆಲ್ವಿನ್ ಕ್ರಾಸ್‌ರೋಡ್ಸ್ ಮತ್ತು ಹೆದ್ದಾರಿಯುದ್ದಕ್ಕೂ ಇರುವ ಟ್ರಾವೆಲ್ಸ್ ಕಚೇರಿಗಳ ಮುಂದಿನ ಜಾಗ. ಸಂಕ್ರಾಂತಿ, ದಸರೆ ಬಂದರೆ ಆಂಧ್ರದ ಊರುಗಳಿಗೆ ಹೋಗುವ ಕುಟುಂಬಗಳು ಪೆಟ್ಟಿಗೆ, ಮಕ್ಕಳೊಂದಿಗೆ ಈ ರಸ್ತೆಯ ಅಂಚಿನಲ್ಲೇ ಗಂಟೆಗಟ್ಟಲೆ ಕಾಯುತ್ತವೆ.

ಮಿಯಾಪುರದಲ್ಲಿ ಅಂತರನಗರ ಬಸ್ ಟರ್ಮಿನಲ್ ಕಟ್ಟಬೇಕೆಂಬ ಯೋಜನೆ ಹೈದರಾಬಾದ್ ಮಹಾನಗರ ಅಭಿವೃದ್ಧಿ ಪ್ರಾಧಿಕಾರದ ಕಡತದಲ್ಲಿ ಮೆಟ್ರೊ ಬರುವುದಕ್ಕೂ ಮುಂಚಿನಿಂದ ಇದೆ. ಪಶ್ಚಿಮದಿಂದ ಬರುವ ಬಸ್ಸುಗಳನ್ನು ಇಲ್ಲೇ ತಡೆದು, ಪ್ರಯಾಣಿಕರನ್ನು ನಗರ ಸಾರಿಗೆಗೆ ವರ್ಗಾಯಿಸುವುದು ಅದರ ಉದ್ದೇಶ. ವಿಚಾರ ಒಳ್ಳೆಯದು. ಆದರೆ ಊರ ಹೊರಗೆ ಬಸ್ ನಿಲ್ದಾಣ ಕಟ್ಟಿಬಿಟ್ಟರೆ ಸಾಲದು ಎಂಬುದನ್ನು ಬೆಂಗಳೂರು ಕಲಿತಿದೆ. ಪೀಣ್ಯದ ಬಸವೇಶ್ವರ ಬಸ್ ನಿಲ್ದಾಣ 2014ರಲ್ಲಿ ಸಿದ್ಧವಾಗಿಯೂ ಜನ ಅಲ್ಲಿಗೆ ಹೋಗಲಿಲ್ಲ. ಮೆಜೆಸ್ಟಿಕ್‌ನಲ್ಲಿ ಎಲ್ಲ ಸಂಪರ್ಕವೂ ಇರುವಾಗ ಅರ್ಧ ದಾರಿಯಲ್ಲಿ ಇಳಿಯುವವರು ಯಾರು? ಮೆಟ್ರೊ ಮೆಟ್ಟಿಲಿಗೆ ಅಂಟಿಕೊಂಡ ಬಸ್ ನಿಲ್ದಾಣ ಮಾತ್ರ ಈ ಕೆಲಸ ಮಾಡಬಲ್ಲದು. ಹೈದರಾಬಾದಿನಲ್ಲೇ ಅದಕ್ಕೆ ಮಾದರಿಯಿದೆ. ಮೂಸಿ ನದಿಯ ನಡುಗಡ್ಡೆಯ ಮೇಲೆ 1994ರಲ್ಲಿ ತೆರೆದ ಮಹಾತ್ಮ ಗಾಂಧಿ ಬಸ್ ನಿಲ್ದಾಣದ ಪಕ್ಕದಲ್ಲೇ ಕೆಂಪು ಮತ್ತು ಹಸಿರು ಮಾರ್ಗಗಳು ಸಂಧಿಸುತ್ತವೆ. ಊರೂರಿನ ಬಸ್ಸಿನಿಂದ ಇಳಿದವರು ರಸ್ತೆಗೆ ಹೋಗದೆ ರೈಲು ಹತ್ತಬಹುದು. ಅದಕ್ಕೆ ಮುಂಚಿನ ಗೌಲಿಗುಡ ಬಸ್ ನಿಲ್ದಾಣವು ನಿಜಾಮರ ಕಾಲದ ದೊಡ್ಡ ಉಕ್ಕಿನ ಹ್ಯಾಂಗರ್‌ನಲ್ಲಿತ್ತು. ಹಲವು ತಲೆಮಾರಿನ ಬೀದರ್, ಕಲಬುರಗಿ ಪ್ರಯಾಣಿಕರು ಕಂಡಿದ್ದ ಆ ಕಟ್ಟಡ 2018ರ ಜುಲೈನಲ್ಲಿ ಕುಸಿದುಬಿತ್ತು.

ಬಸ್ಸಿನ ಅಗತ್ಯವನ್ನು ಹೆಚ್ಚಿಸುವ ಇನ್ನೊಂದು ಕಾರಣ ಮೆಟ್ರೊ ನಕ್ಷೆಯಲ್ಲೇ ಅಡಗಿದೆ. ಮಿಯಾಪುರ ಸುತ್ತಮುತ್ತ ನೆಲೆಸಿರುವ ಸಾಫ್ಟ್‌ವೇರ್ ನೌಕರರು ಹೋಗಬೇಕಾದದ್ದು ಹೈಟೆಕ್ ಸಿಟಿ, ಮಾದಾಪುರ, ಗಚ್ಚಿಬೌಲಿಗೆ. ಹಫೀಜ್‌ಪೇಟೆ, ಕೊಂಡಾಪುರದ ಮೇಲೆ ರಸ್ತೆಯಲ್ಲಿ ಹೋದರೆ ಹೈಟೆಕ್ ಸಿಟಿ ಸಮೀಪ. ಮೆಟ್ರೊದಲ್ಲಾದರೆ 13 ಕಿ.ಮೀ. ಪೂರ್ವಕ್ಕೆ ಅಮೀರ್‌ಪೇಟೆಗೆ ಹೋಗಿ, ಅಲ್ಲಿ ರೈಲು ಬದಲಿಸಿ, ನೀಲಿ ಮಾರ್ಗದಲ್ಲಿ ಯೂಸುಫ್‌ಗುಡ, ಜುಬಿಲಿ ಹಿಲ್ಸ್ ಸುತ್ತಿ ಮತ್ತೆ ಪಶ್ಚಿಮಕ್ಕೆ ಬರಬೇಕು. ಎರಡು ಮಾರ್ಗಗಳ ತುದಿಗಳು ಒಂದರ ಬಳಿ ಒಂದು ಇದ್ದೂ ಪರಸ್ಪರ ಕೂಡಿಲ್ಲ. ಹೀಗಾಗಿ ಬೆಳಗ್ಗೆ ಕೊಂಡಾಪುರದತ್ತ ಹೋಗುವ ಬಸ್ಸುಗಳೂ ಶೇರ್ ಆಟೊಗಳೂ ತುಂಬಿರುತ್ತವೆ. ಬಿಎಚ್‌ಇಎಲ್‌ನಿಂದ ಕೊಂಡಾಪುರ, ಗಚ್ಚಿಬೌಲಿ ಮೇಲೆ ಲಕ್ಡಿ-ಕಾ-ಪೂಲ್‌ಗೆ ಮಾರ್ಗ ಹಾಕುವ ಪ್ರಸ್ತಾವ ಒಂದು ಕಾಲಕ್ಕೆ ಇತ್ತು. ಕೇಂದ್ರದ ಒಪ್ಪಿಗೆ ಸಿಗಲಿಲ್ಲ.

ಬಸ್ಸಿನ ಕೊರತೆಯಿಂದಾಗಿ ಮನೆಯಿಂದ ಮಿಯಾಪುರದವರೆಗೆ ಬೈಕಿನಲ್ಲಿ ಬಂದು ರೈಲು ಹತ್ತುವವರು ಬಹಳ. 2024ರ ಆಗಸ್ಟ್‌ನಲ್ಲಿ ನಾಗೋಲ್ ಮತ್ತು ಮಿಯಾಪುರಗಳಲ್ಲಿ ಪಾರ್ಕಿಂಗ್ ಶುಲ್ಕ ಘೋಷಿಸಿದಾಗ ಎದ್ದ ಪ್ರತಿಭಟನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮನೆ ಬಾಗಿಲಿಗೆ ಹತ್ತಿರದಿಂದ ಒಳ್ಳೆಯ ಬಸ್ಸಿದ್ದರೆ ಬೈಕು ತರುವ ಪ್ರಮೇಯವೇ ಬಾರದು. 2023ರ ಡಿಸೆಂಬರ್ 9ರಿಂದ ತೆಲಂಗಾಣದಲ್ಲಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾದದ್ದು ಇನ್ನೊಂದು ಬದಲಾವಣೆ. ನಮ್ಮ ಶಕ್ತಿ ಯೋಜನೆ ಅದೇ ವರ್ಷ ಜೂನ್ 11ಕ್ಕೆ ಬಂದಿತ್ತು. ಉಚಿತ ಬಸ್ಸಿನಿಂದ ಮೆಟ್ರೊ ಪ್ರಯಾಣಿಕರು ಕಡಿಮೆಯಾದರು ಎಂದು ಎಲ್ ಅಂಡ್ ಟಿ ದೂರಿತು. ಬಸ್ಸು ಮೆಟ್ರೊದ ಪ್ರತಿಸ್ಪರ್ಧಿ ಎಂದು ಎಣಿಸಿದಾಗ ಮಾತ್ರ ಈ ದೂರು ಹುಟ್ಟುತ್ತದೆ. ಮೆಟ್ರೊಗೆ ಜನರನ್ನು ತಂದು ಬಿಡುವ ಬಸ್ಸು ಅದರ ಗಿರಾಕಿಯನ್ನು ಕಸಿಯುವುದಿಲ್ಲ. 2023ರ ಜುಲೈನಲ್ಲಿ ಹೈದರಾಬಾದ್ ಮೆಟ್ರೊದ ದಿನದ ಪ್ರಯಾಣಿಕರು ಮೊದಲ ಸಲ 5 ಲಕ್ಷ ದಾಟಿದಾಗ ಅತಿ ಹೆಚ್ಚು ಜನ ಹತ್ತಿದ ನಿಲ್ದಾಣಗಳಲ್ಲಿ ರಾಯದುರ್ಗಂ, ಎಲ್.ಬಿ. ನಗರ, ಅಮೀರ್‌ಪೇಟೆಗಳ ಜೊತೆ ಮಿಯಾಪುರವೂ ಇತ್ತು. ಈ ನಾಲ್ಕರಲ್ಲಿ ಮೂರು ಮಾರ್ಗದ ತುದಿಗಳೆಂಬುದನ್ನು ಗಮನಿಸಬೇಕು. ಹಳಿ ಇಲ್ಲದ ಊರುಗಳ ಜನರನ್ನೆಲ್ಲ ತುದಿಯ ನಿಲ್ದಾಣವೇ ಬರಮಾಡಿಕೊಳ್ಳುತ್ತದೆ.

ಕನ್ನಡ ಜಿಲ್ಲೆಗಳವರ ಬಳಕೆ

ಬೀದರ್ ಹೈದರಾಬಾದಿಗೆ ಸುಮಾರು 140 ಕಿ.ಮೀ., ಬೆಂಗಳೂರಿಗೆ ಅದರ ನಾಲ್ಕು ಪಟ್ಟಿಗೂ ಹೆಚ್ಚು. ದೊಡ್ಡ ದವಾಖಾನೆ, ಮದುವೆ ಜವಳಿ, ಓದು, ಕೂಲಿ, ವಿಮಾನ ಎಲ್ಲಕ್ಕೂ ಆ ಭಾಗದವರು ನೋಡುವುದು ಹೈದರಾಬಾದಿನತ್ತ. 1956ರಲ್ಲಿ ಗಡಿ ಬದಲಾದರೂ ಈ ರೂಢಿ ಬದಲಾಗಲಿಲ್ಲ. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಾಲೆಗಳಿರುವುದು ಹಳೆಯ ಕನ್ನಡ ವಸತಿಯ ಗುರುತು. ಈಚಿನ ದಶಕಗಳಲ್ಲಿ ಐಟಿ ಕೆಲಸಕ್ಕೆ ಬಂದ ಕನ್ನಡಿಗರು ಹೆಚ್ಚಾಗಿ ನಗರದ ಈ ಪಶ್ಚಿಮ ಭಾಗದಲ್ಲಿ ನೆಲೆಸಿದ್ದಾರೆ.

ಬೀದರ್, ಹುಮನಾಬಾದ್ ಕಡೆಯಿಂದ ಹೆದ್ದಾರಿಯಲ್ಲಿ ಬರುವ ಬಸ್ಸುಗಳು ಮಿಯಾಪುರ ದಾಟಿ ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೆ ಹೋಗುತ್ತವೆ. ಕೂಕಟ್‌ಪಲ್ಲಿಯಿಂದ ಮುಂದೆ ವಾಹನ ದಟ್ಟಣೆಯಲ್ಲಿ ಬಸ್ಸು ತೆವಳುತ್ತದೆ. ಅದೇ ರಸ್ತೆಯ ಮೇಲೆ ಮೆಟ್ರೊ ಅಡೆತಡೆಯಿಲ್ಲದೆ ಸಾಗಿ ಇಡೀ ಕೆಂಪು ಮಾರ್ಗವನ್ನು ಒಂದು ಗಂಟೆಯೊಳಗೆ ಮುಗಿಸುತ್ತದೆ. ನಿಮ್ಸ್ ಆಸ್ಪತ್ರೆಗೆ ಹೋಗುವವರು ಮಿಯಾಪುರದಲ್ಲಿ ಹತ್ತಿದರೆ ಪಂಜಗುಟ್ಟ ಅಥವಾ ಇರ್ರಂ ಮಂಜಿಲ್‌ನಲ್ಲಿ ಇಳಿಯಬಹುದು. ಉಸ್ಮಾನಿಯಾ ಆಸ್ಪತ್ರೆಯ ಕಡೆಯವರಿಗೆ ಉಸ್ಮಾನಿಯಾ ಮೆಡಿಕಲ್ ಕಾಲೇಜು ನಿಲ್ದಾಣವಿದೆ. ರೋಗಿಯನ್ನು ಕರೆದುಕೊಂಡು ಬರುವವರಿಗೆ ಲಿಫ್ಟು ಮತ್ತು ತಂಪಾದ ಬೋಗಿ ಸಣ್ಣ ಉಪಕಾರವಲ್ಲ. ತೊಡಕು ಒಂದೇ. ಮೆಟ್ರೊ ಬೆಳಗ್ಗೆ 6ರ ಸುಮಾರಿಗೆ ಆರಂಭವಾಗಿ ರಾತ್ರಿ 11ರ ಹೊತ್ತಿಗೆ ಮುಗಿಯುತ್ತದೆ. ರಾತ್ರಿ ಬಸ್ಸಿನಲ್ಲಿ ಬಂದು ನಸುಕಿಗೆ ಇಳಿದವರು ಮೊದಲ ರೈಲಿನವರೆಗೆ ಕಾಯಬೇಕು. ಕೂರಲು ಬೆಂಚು, ನೀರು, ಶೌಚಾಲಯ ಇರುವ ಒಂದು ಬಸ್ ನಿಲ್ದಾಣದ ಬೆಲೆ ಗೊತ್ತಾಗುವುದು ಆ ಹೊತ್ತಿನಲ್ಲಿ, ಅದರಲ್ಲೂ ಮಹಿಳೆಯರಿಗೆ ಮತ್ತು ಮುದುಕರಿಗೆ.

ಮುಂದಿನ ಹಂತ

ತೆಲಂಗಾಣ ಸರ್ಕಾರ 2024ರಲ್ಲಿ ಒಪ್ಪಿ ಕೇಂದ್ರಕ್ಕೆ ಕಳಿಸಿದ ಎರಡನೇ ಹಂತದ ಯೋಜನೆಯಲ್ಲಿ ಐದು ಮಾರ್ಗಗಳಿಂದ 76.4 ಕಿ.ಮೀ. ಸೇರಬೇಕು. ಅಂದಾಜು ವೆಚ್ಚ 24,269 ಕೋಟಿ ರೂಪಾಯಿ. ಅದರಲ್ಲಿ ಮಿಯಾಪುರದಿಂದ ಪಟಾನ್‌ಚೆರುವರೆಗಿನ 13.4 ಕಿ.ಮೀ. ವಿಸ್ತರಣೆಯೂ ಇದೆ. ಅದನ್ನು ಕಟ್ಟಿದರೆ ಕೊನೆಯ ನಿಲ್ದಾಣದ ಪಟ್ಟ ಪಟಾನ್‌ಚೆರುವಿಗೆ ಹೋಗುತ್ತದೆ, 158 ಕಿ.ಮೀ.ನ ಹೊರವರ್ತುಲ ರಸ್ತೆಯ ಹತ್ತಿರಕ್ಕೆ ಹಳಿ ಬರುತ್ತದೆ, ಬೀದರ್ ಬಸ್ಸು ನಗರದ ಗಡಿಯಲ್ಲೇ ಮೆಟ್ರೊವನ್ನು ಸಂಧಿಸುತ್ತದೆ. ಈ ನಡುವೆ 2025ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತವನ್ನು ಎಲ್ ಅಂಡ್ ಟಿಯಿಂದ ತಾನೇ ವಹಿಸಿಕೊಳ್ಳಲು ರಾಜ್ಯ ಸರ್ಕಾರ ತಾತ್ವಿಕವಾಗಿ ನಿರ್ಧರಿಸಿತು. ಮೆಟ್ರೊವೂ ಬಸ್ಸೂ ಒಂದೇ ಸರ್ಕಾರದ ಕೈಗೆ ಬಂದರೆ, 1932ರಲ್ಲಿ ರೈಲ್ವೆಯೊಂದು ಮಾಡಿ ತೋರಿಸಿದ್ದನ್ನು ಮಾಡಲು ನೆಪಗಳು ಉಳಿಯುವುದಿಲ್ಲ.

ಪಟಾನ್‌ಚೆರು ನಿಲ್ದಾಣದ ನಕ್ಷೆ ಬರೆಯುವಾಗಲೇ ಅದರ ಬುಡದಲ್ಲಿ ಬಸ್ ನಿಲ್ದಾಣವನ್ನೂ ಬರೆಯಬೇಕು. ಅಲ್ಲಿಯವರೆಗೆ ಮಿಯಾಪುರದಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳಿಗೆ ಮೆಟ್ರೊ ಮೆಟ್ಟಿಲ ಬಳಿ ಗೊತ್ತಾದ ಒಂದು ನಿಲುಗಡೆ, ಕನ್ನಡದಲ್ಲೊಂದು ವೇಳಾಪಟ್ಟಿ, ನೆರಳಿನ ಒಂದು ತಂಗುದಾಣವನ್ನು ಎರಡೂ ರಾಜ್ಯಗಳ ನಿಗಮಗಳು ಸೇರಿ ಒದಗಿಸಲಿ. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ.